ಬೇಡದ ಜಾಹೀರಾತು ಇಮೇಲ್: ಯಾವ ಕಾನೂನು ನಿಮ್ಮ ಪರ?

ಬೇಡದ ಜಾಹೀರಾತು ಇಮೇಲ್‌ಗಳ ಬಗ್ಗೆ ಈ ಅಂಕಣಕ್ಕೆ ಮೇಲಿಂದ ಮೇಲೆ ಪತ್ರಗಳು ಬರುತ್ತಿವೆ. ರದ್ದಾಗಿ ಎಷ್ಟೋ ವರ್ಷಗಳಾದ ಕಲಮನ್ನೇ ನಂಬಿ ಹಲವರು ಬರೆಯುತ್ತಿರುವುದರಿಂದ ಈ ಬಾರಿ ಒಂದೇ ಪ್ರಶ್ನೆಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಆನ್‌ಲೈನ್ ಮಳಿಗೆಯೊಂದರಲ್ಲಿ ಒಮ್ಮೆ ಮಿಕ್ಸಿ ಕೊಂಡಿದ್ದೆ. ಅಂದಿನಿಂದ ದಿನವೂ ಜಾಹೀರಾತು ಮೇಲ್ ಬರುತ್ತಿದೆ, ಅನ್‌ಸಬ್‌ಸ್ಕ್ರೈಬ್ ಒತ್ತಿದರೂ ನಿಂತಿಲ್ಲ. 1909ಕ್ಕೆ ದೂರು ಕೊಡಲೇ ಅಥವಾ ಕಲಂ 66-ಎ ಅಡಿ ಪೊಲೀಸ್ ಕೇಸು ಹಾಕಿಸಲೇ? (ದಾವಣಗೆರೆಯ ಓದುಗರು)

ಎರಡರಿಂದಲೂ ಪ್ರಯೋಜನವಿಲ್ಲ. ಬೇಡದ ಕರೆಗಳ ದೂರಿನ ಸಂಖ್ಯೆಯಾದ 1909ರ ಹಿಂದಿರುವ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) 2018ರ ನಿಯಮಾವಳಿ ದೂರವಾಣಿ ಕರೆ ಮತ್ತು ಎಸ್‌ಎಂಎಸ್‌ಗಳಿಗೆ ಸಂಬಂಧಿಸಿದ್ದು, ಇಮೇಲ್ ಅದರ ವ್ಯಾಪ್ತಿಯಲ್ಲಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66-ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ರದ್ದುಪಡಿಸಿತು. ಕಿರಿಕಿರಿ ಉಂಟುಮಾಡುವ ಅಥವಾ ಮೂಲವನ್ನು ಮರೆಮಾಚುವ ಇಮೇಲ್‌ಗೆ ಮೂರು ವರ್ಷದವರೆಗೆ ಶಿಕ್ಷೆ ವಿಧಿಸುವ ಉಪಕಲಮು ಅದರಲ್ಲಿತ್ತೆಂಬುದು ನಿಜ. ಆದರೆ ‘ಕಿರಿಕಿರಿ’ಯಂಥ ಅಳತೆಗೆ ಸಿಗದ ಮಾತಿನ ಮೇಲೆ ಜನರನ್ನು ಬಂಧಿಸುವ ಕಾನೂನು ಹೋದದ್ದೇ ಒಳ್ಳೆಯದಾಯಿತು. ವಾಣಿಜ್ಯ ಇಮೇಲ್‌ಗೆ ಮಾತ್ರ ಅನ್ವಯಿಸುವ ಪ್ರತ್ಯೇಕ ಕಾಯ್ದೆಯನ್ನು ಆ ಬಳಿಕವೂ ತರದಿರುವುದು ಮಾತ್ರ ದೊಡ್ಡ ಲೋಪ.

ಈ ಕ್ಷೇತ್ರದ ಕಾನೂನುಗಳೆಲ್ಲ ಒಂದು ವಿಷಯದ ಮೇಲೆ ನಿಂತಿವೆ: ಕಳುಹಿಸುವವನು ಮೊದಲು ಅನುಮತಿ ಕೇಳಬೇಕೋ, ಪಡೆಯುವವನು ಬೇಡವೆಂದು ಹೇಳಬೇಕೋ? 2004ರ ಜನವರಿ 1ರಂದು ಜಾರಿಗೆ ಬಂದ ಅಮೆರಿಕದ ಕ್ಯಾನ್-ಸ್ಪ್ಯಾಮ್ ಕಾಯ್ದೆಯಲ್ಲಿ ಪೂರ್ವಾನುಮತಿ ಬೇಕಿಲ್ಲ. ವಿಷಯ ಸಾಲು ಸುಳ್ಳಾಗಿರಬಾರದು, ಅಂಚೆ ವಿಳಾಸವಿರಬೇಕು, ಬೇಡವೆಂದವರನ್ನು 10 ಕೆಲಸದ ದಿನಗಳೊಳಗೆ ಪಟ್ಟಿಯಿಂದ ಕೈಬಿಡಬೇಕು, ಅಷ್ಟೇ. ಮೇಲ್ ಪಡೆದ ಸಾಮಾನ್ಯ ವ್ಯಕ್ತಿಗೆ ಆ ಕಾಯ್ದೆಯಡಿ ದಾವೆ ಹೂಡುವ ಹಕ್ಕೂ ಇಲ್ಲ. ಐರೋಪ್ಯ ಒಕ್ಕೂಟದ 2002ರ ನಿರ್ದೇಶನ ವ್ಯಕ್ತಿಗಳಿಗೆ ಜಾಹೀರಾತು ಕಳುಹಿಸುವ ಮುನ್ನ ಒಪ್ಪಿಗೆ ಪಡೆಯಬೇಕೆನ್ನುತ್ತದೆ. ಈಗಾಗಲೇ ಗ್ರಾಹಕರಾದವರಿಗೆ ಅದೇ ಬಗೆಯ ಸರಕಿನ ಜಾಹೀರಾತು ಕಳುಹಿಸಲು ಮಾತ್ರ, ನಿರಾಕರಿಸುವ ಅವಕಾಶವನ್ನು ಪ್ರತಿ ಸಲವೂ ಕೊಡಬೇಕೆಂಬ ಷರತ್ತಿನೊಂದಿಗೆ, ವಿನಾಯಿತಿಯಿದೆ. ನನ್ನ ದೃಷ್ಟಿಯಲ್ಲಿ ನ್ಯಾಯವಾದ ದಾರಿ ಈ ಎರಡನೆಯದೇ, ಏಕೆಂದರೆ ಲಾಭ ಪಡೆಯುವವನೇ ಶ್ರಮವನ್ನೂ ಹೊರಬೇಕು.

ಭಾರತ ಇದೇ ದಾರಿಗೆ ಹಿಂಬಾಗಿಲಿನಿಂದ ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬೇಡದ ಮೇಲ್ ಅಥವಾ ಸ್ಪ್ಯಾಮ್ ಬಗ್ಗೆ ಏನನ್ನೂ ಹೇಳುವುದಿಲ್ಲ. ಆದರೆ ನಿಮ್ಮ ಇಮೇಲ್ ವಿಳಾಸ ವೈಯಕ್ತಿಕ ದತ್ತಾಂಶವಾದ್ದರಿಂದ, ಮಿಕ್ಸಿ ತಲುಪಿಸಲೆಂದು ಪಡೆದ ವಿಳಾಸವನ್ನು ಪ್ರಚಾರಕ್ಕೆ ಬಳಸಲು ಅದಕ್ಕೆಂದೇ ಪಡೆದ ಸ್ಪಷ್ಟ ಒಪ್ಪಿಗೆ ಬೇಕಾಗುತ್ತದೆ. ಹಣ ಪಾವತಿಸುವ ಪುಟದ ಕೆಳಗೆ ‘ಕೊಡುಗೆಗಳ ಮಾಹಿತಿ ಕಳುಹಿಸಿ’ ಎಂಬ ಸಣ್ಣ ಅಕ್ಷರದ ಸಾಲಿನ ಪಕ್ಕ ಮೊದಲೇ ಟಿಕ್ ಹಾಕಿಟ್ಟ ಚೌಕವಿರುತ್ತದಲ್ಲ, ಅದು ನಿಮ್ಮ ಸ್ಪಷ್ಟ ಕ್ರಿಯೆಯಿಂದ ಬಂದ ಒಪ್ಪಿಗೆ ಎನಿಸದು. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯುವಂತೆಯೂ ಇರಬೇಕು. ನೀವಾಗಿಯೇ ಸಾರ್ವಜನಿಕವಾಗಿ ಪ್ರಕಟಿಸಿಕೊಂಡ ವಿಳಾಸಕ್ಕೆ ಮಾತ್ರ ಈ ಕಾಯ್ದೆಯ ರಕ್ಷಣೆಯಿಲ್ಲ, ಇದನ್ನು ವ್ಯಾಪಾರಸ್ಥರು ವಿಶೇಷವಾಗಿ ಗಮನಿಸಬೇಕು.

ಆದರೆ ಅವಸರ ಬೇಡ. 2025ರ ನವೆಂಬರ್‌ನಲ್ಲಿ ಪ್ರಕಟವಾದ ಅಧಿಸೂಚನೆಯಂತೆ ಒಪ್ಪಿಗೆಗೆ ಸಂಬಂಧಿಸಿದ ಮುಖ್ಯ ಕಲಮುಗಳು ಜಾರಿಗೆ ಬರುವುದು ಹದಿನೆಂಟು ತಿಂಗಳ ಬಳಿಕ. ಈ ಕಾಯ್ದೆಯಡಿ ವಿಧಿಸುವ ದಂಡದ ಹಣ ಸರ್ಕಾರದ ಸಂಚಿತ ನಿಧಿಗೆ ಸೇರುತ್ತದೆಯೇ ಹೊರತು ನಿಮಗಲ್ಲ. ಪರಿಹಾರದ ಆಸೆ ತೋರಿಸಿ ಮುಂಗಡ ಕೇಳುವ ‘ಸೈಬರ್ ಸಲಹೆಗಾರ’ರನ್ನು ದಯವಿಟ್ಟು ಹತ್ತಿರ ಸೇರಿಸಬೇಡಿ.

ಸದ್ಯಕ್ಕೆ, ಮಳಿಗೆಯ ಕುಂದುಕೊರತೆ ಅಧಿಕಾರಿಗೆ ಒಪ್ಪಿಗೆ ಹಿಂಪಡೆದಿರುವುದಾಗಿ ದಿನಾಂಕ ನಮೂದಿಸಿ ಬರೆಯಿರಿ. ಅನಂತರ ಬಂದ ಮೇಲ್‌ಗಳನ್ನು ಅಳಿಸದೆ ಪೂರ್ಣ ಹೆಡರ್ ಸಹಿತ ಉಳಿಸಿಕೊಳ್ಳಿ. ಜಿಮೇಲ್‌ನಲ್ಲಿ ‘ಶೋ ಒರಿಜಿನಲ್’ ಒತ್ತಿದರೆ ಹೆಡರ್ ಕಾಣುತ್ತದೆ. ಬರೀ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಬರುವ ಕಕ್ಷಿದಾರರಿಗೆ ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. ಮೇಲ್ ಎಲ್ಲಿಂದ ಹೊರಟಿತೆಂಬುದರ ಕುರುಹು ಹೆಡರಿನಲ್ಲಿರುತ್ತದೆ, ಚಿತ್ರದಲ್ಲಿ ಇರುವುದಿಲ್ಲ.

ಪ್ರಶ್ನೆ: ‘ಅಮೆರಿಕದ ಎಸ್. 1618 ಮಸೂದೆಯಂತೆ ಇದು ಸ್ಪ್ಯಾಮ್ ಅಲ್ಲ’ ಎಂದು ಮೇಲ್‌ನ ಕೊನೆಯಲ್ಲಿ ಬರೆದಿದ್ದರೆ?

1998ರ ಆ ಮಸೂದೆ ಕಾನೂನಾಗಲೇ ಇಲ್ಲ. ಅದನ್ನು ಉಲ್ಲೇಖಿಸುವವನನ್ನು ನಂಬಬೇಡಿ.

ಪ್ರಶ್ನೆ: ನಮ್ಮದು ಬೆಂಗಳೂರಿನ ಸಣ್ಣ ಸಾಫ್ಟ್‌ವೇರ್ ಕಂಪನಿ. ಕೊಂಡುಕೊಂಡ ಪಟ್ಟಿಯಲ್ಲಿರುವ ಕೆನಡಾದವರಿಗೆ ಪ್ರಚಾರದ ಮೇಲ್ ಕಳುಹಿಸಬಹುದೇ? ಅನ್‌ಸಬ್‌ಸ್ಕ್ರೈಬ್ ಕೊಂಡಿ ಇಟ್ಟಿದ್ದೇವೆ.

ಕಳುಹಿಸಬೇಡಿ. 2014ರ ಜುಲೈ 1ರಿಂದ ಜಾರಿಯಲ್ಲಿರುವ ಅಲ್ಲಿನ ಕಾಯ್ದೆ, ಕೆನಡಾದ ಕಂಪ್ಯೂಟರಿನಲ್ಲಿ ತೆರೆದುಕೊಳ್ಳುವ ಸಂದೇಶಕ್ಕೂ ಅನ್ವಯಿಸುತ್ತದೆ. ಅದು ಮೊದಲು ಕೇಳುವುದು ಒಪ್ಪಿಗೆಯನ್ನು, ಮತ್ತು ಉಲ್ಲಂಘನೆಗೆ ಕಂಪನಿಗಳಿಗೆ 1 ಕೋಟಿ ಕೆನಡಾ ಡಾಲರ್‌ವರೆಗೆ ದಂಡವಿದೆ. ಪಟ್ಟಿ ಮಾರಿದವನು ‘ಎಲ್ಲರ ಒಪ್ಪಿಗೆಯಿದೆ’ ಎಂದರೆ ಸಾಲದು, ಅದನ್ನು ಸಾಬೀತುಪಡಿಸುವ ಹೊಣೆ ಕಳುಹಿಸುವ ನಿಮ್ಮದೇ.

ಪ್ರಶ್ನೆ: ಗುರುತಿಲ್ಲದವರ ಲಾಟರಿ ಮೇಲ್‌ನಲ್ಲೂ ಅನ್‌ಸಬ್‌ಸ್ಕ್ರೈಬ್ ಒತ್ತಬೇಕೇ?

ಖಂಡಿತ ಒತ್ತಬೇಡಿ, ಅದು ಜಾಹೀರಾತಲ್ಲ, ವಂಚನೆ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.