ಬರೆದದ್ದೆಲ್ಲ ಸುಳ್ಳು ಎಂದು ಸಹಿ ಹಾಕಬೇಕೆ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ. ವಿದ್ಯಾರ್ಥಿನಿಯ ಒಪ್ಪಿಗೆ ಪಡೆಯಲಾಗಿದೆ.)

ಖಾಸಗಿ ಕಾಲೇಜೊಂದರಲ್ಲಿ ಪದವಿ ಎರಡನೇ ವರ್ಷದಲ್ಲಿರುವ ಯುವತಿಯನ್ನು ಆಕೆಯ ತಂದೆ ಆಪ್ತಸಲಹೆಗಾಗಿ ನನ್ನ ಬಳಿ ಕರೆತಂದಿದ್ದರು. ನಿದ್ರೆಯಿಲ್ಲ, ಮೊಬೈಲ್ ಸದ್ದಾದರೆ ಬೆಚ್ಚುತ್ತಾಳೆ, ಕಾಲೇಜಿನ ಹೆಸರೆತ್ತಿದರೆ ಉಸಿರು ಕಟ್ಟಿದಂತಾಗುತ್ತದೆ. ಕಾರಣ ಒಂದು ಬರಹ. ಪ್ರತಿ ವರ್ಷ ಪ್ರಯೋಗಾಲಯ ಶುಲ್ಕ ಕಟ್ಟಿಸಿಕೊಂಡರೂ ಅರ್ಧದಷ್ಟು ಉಪಕರಣಗಳು ಕೆಟ್ಟು ನಿಂತಿವೆ ಎಂದು ಆಕೆ ಸಾಮಾಜಿಕ ಜಾಲತಾಣದಲ್ಲಿ ಬರೆದಿದ್ದಳು. ಕೊನೆಯ ಸಾಲಿನಲ್ಲಿ, ಆ ಹಣ ವಿಭಾಗದ ಮುಖ್ಯಸ್ಥರ ಜೇಬು ಸೇರಿದೆ ಎಂದಿತ್ತು.

ಕಾಲೇಜು ಕಾರಣ ಕೇಳಿ ನೋಟಿಸ್ ಕೊಟ್ಟಿತು. ಪ್ರವೇಶದ ವೇಳೆ ಸಹಿ ಹಾಕಿದ ಮುಚ್ಚಳಿಕೆಯಲ್ಲಿ ‘ಸಂಸ್ಥೆಯ ಘನತೆಗೆ ಕುಂದು ತರುವ ಯಾವುದೇ ಮಾತು, ಬರಹ, ನಡವಳಿಕೆ’ ಶಿಕ್ಷಾರ್ಹ ಎಂದಿದೆ. ಮೂರು ದಿನದೊಳಗೆ ಉತ್ತರಿಸಬೇಕು. ಜೊತೆಗೆ ಟೈಪ್ ಮಾಡಿದ ಕ್ಷಮಾಪಣೆ ಪತ್ರವನ್ನೂ ಕೊಟ್ಟಿದ್ದರು. ‘ನಾನು ಬರೆದದ್ದೆಲ್ಲ ಸುಳ್ಳು’ ಎಂಬುದು ಅದರ ಮೊದಲ ವಾಕ್ಯ.

“ಸಹಿ ಹಾಕಿ ಮುಗಿಸು ಎಂದರೆ ಕೇಳುತ್ತಿಲ್ಲ ಮೇಡಂ. ಓದು ಹಾಳಾದರೆ ಯಾರು ಕೊಡುತ್ತಾರೆ?” ಎಂದರು ತಂದೆ. ಗೆಳೆಯರದು ಇನ್ನೊಂದು ಒತ್ತಡ: ತಲೆಬಾಗಿದರೆ ನಮ್ಮೆಲ್ಲರಿಗೂ ದ್ರೋಹ. ಎರಡೂ ಕಡೆಯವರು ಆ ಬರಹವನ್ನು ಒಂದೇ ಗಂಟಾಗಿ ನೋಡುತ್ತಿದ್ದರು. ಒಂದೋ ಪೂರ್ತಿ ಬಿಡು, ಇಲ್ಲವೇ ಪೂರ್ತಿ ಹಿಡಿ.

ತಂದೆಯನ್ನು ಹೊರಗೆ ಕೂರಿಸಿ ಮೊದಲು ಆಕೆಯ ಸುರಕ್ಷತೆಯ ಬಗ್ಗೆ ವಿಚಾರಿಸಿದೆ. ಸಾಯುವ ಯೋಚನೆ ಬಂದಿದೆಯೇ ಎಂದು ಸುತ್ತುಬಳಸದೆ ಕೇಳಿದೆ. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಇದ್ದವರಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ. “ಎಲ್ಲಿಗಾದರೂ ಹೋಗಿಬಿಡೋಣ ಅನ್ನಿಸುತ್ತದೆ, ಅಷ್ಟೇ” ಎಂದಳು. ಯೋಜನೆಯೇನೂ ಇರಲಿಲ್ಲ. ಆದರೂ ಸಂಕಟ ಹೆಚ್ಚಾದರೆ ಯಾರಿಗೆ ಕರೆ ಮಾಡಬೇಕೆಂದು ಬರೆದುಕೊಂಡೆವು. ಚಿಕ್ಕಮ್ಮ ಮೊದಲು, ನಂತರ ಹಗಲು ರಾತ್ರಿ ಸಿಗುವ ಟೆಲಿ ಮಾನಸ್ ಸಹಾಯವಾಣಿ 14416. ಬರಹಕ್ಕೆ ಬಂದ ಪ್ರತಿಕ್ರಿಯೆಗಳನ್ನು ರಾತ್ರಿ ಹೊತ್ತು ನೋಡುವುದನ್ನು ಸದ್ಯಕ್ಕೆ ನಿಲ್ಲಿಸಲು ಒಪ್ಪಿದಳು.

ಎರಡನೇ ಭೇಟಿಗೆ ಆ ಬರಹದ ಮುದ್ರಿತ ಪ್ರತಿ ತರಲು ಹೇಳಿದ್ದೆ. ಒಂದೊಂದೇ ವಾಕ್ಯ ಓದುತ್ತಾ, ಇದು ನೀನು ಕಣ್ಣಾರೆ ಕಂಡದ್ದೇ, ನಿನ್ನ ಅಭಿಪ್ರಾಯವೇ, ಅಥವಾ ಊಹೆಯೇ ಎಂದು ಪಕ್ಕದಲ್ಲಿ ಬರೆಯಲು ಹೇಳಿದೆ. ಕೆಟ್ಟ ಉಪಕರಣಗಳು ಕಂಡದ್ದು. ಶುಲ್ಕದ ರಸೀದಿ ಕೈಯಲ್ಲೇ ಇತ್ತು. ‘ನಮ್ಮನ್ನು ಲೆಕ್ಕಕ್ಕೇ ಇಡುವುದಿಲ್ಲ’ ಎಂಬುದು ಅಭಿಪ್ರಾಯ. ಕೊನೆಯ ಸಾಲಿಗೆ ಬಂದಾಗ ಪೆನ್ನು ಕೆಳಗಿಟ್ಟಳು. ತುಂಬ ಹೊತ್ತು ಮಾತಿಲ್ಲ. “ಅವರು ನನಗೆ ತಮ್ಮ ಪುಸ್ತಕಗಳನ್ನು ಕೊಟ್ಟು ಓದಿಸಿದವರು. ಸಿಟ್ಟಿನಲ್ಲಿ ಬರೆದುಬಿಟ್ಟೆ. ಗೆಳೆಯರ ಮುಂದೆ ಇದನ್ನು ಹೇಗೆ ಹೇಳಲಿ ಮೇಡಂ?” ಎಂದು ಅತ್ತಳು.

ನಿದ್ರೆ ಕೆಡಿಸಿದ್ದರಲ್ಲಿ ನೋಟಿಸಿನ ಪಾಲಿಗಿಂತ ಈ ಸಾಲಿನ ಪಾಲೇ ದೊಡ್ಡದಿತ್ತು. ಭಯದ ಕೆಳಗೆ ಪಶ್ಚಾತ್ತಾಪ ಕುಳಿತಿತ್ತು, ಅದನ್ನು ಒಪ್ಪಿಕೊಂಡರೆ ಪ್ರಯೋಗಾಲಯದ ಸತ್ಯವನ್ನೂ ಬಿಟ್ಟುಕೊಟ್ಟಂತೆ ಎಂದು ಆಕೆ ನಂಬಿದ್ದಳು. ಸಿದ್ಧಪಡಿಸಿ ಕೊಟ್ಟ ಕ್ಷಮಾಪಣೆ ಪತ್ರ ಆ ನಂಬಿಕೆಯನ್ನೇ ಗಟ್ಟಿ ಮಾಡಿತ್ತು. ಕಂಡದ್ದನ್ನು ಕಂಡಿಲ್ಲ ಎಂದು ಇಪ್ಪತ್ತರ ವಯಸ್ಸಿನವರಿಂದ ಬರೆಸಿಕೊಳ್ಳುವುದನ್ನು ನಾನು ಶಿಸ್ತು ಎಂದು ಕರೆಯಲಾರೆ. ಅದು ಮನಸ್ಸಿಗೆ ಮಾಡುವ ಗಾಯ ಅಮಾನತಿನ ಆದೇಶಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ.

ಗೆಳೆಯರು ‘ಸಂವಿಧಾನ ನಮ್ಮ ಕಡೆಗಿದೆ’ ಎಂದು ಧೈರ್ಯ ತುಂಬಿದ್ದರು. ಇದನ್ನು ಬಿಡಿಸಿ ಹೇಳಬೇಕಾಯಿತು. 19(1)(ಎ) ವಿಧಿಯ ವಾಕ್ ಸ್ವಾತಂತ್ರ್ಯ ಮುಖ್ಯವಾಗಿ ಪ್ರಭುತ್ವದ ಕೈ ಕಟ್ಟುತ್ತದೆ. ಅನುದಾನವಿಲ್ಲದ ಖಾಸಗಿ ಕಾಲೇಜು ಸಾಮಾನ್ಯವಾಗಿ 12ನೇ ವಿಧಿಯ ‘ಪ್ರಭುತ್ವ’ದೊಳಗೆ ಬರುವುದಿಲ್ಲ. ಅಮೆರಿಕದಲ್ಲೂ ವಾಕ್ ಸ್ವಾತಂತ್ರ್ಯ ಕಾಯುವ ಸಂವಿಧಾನದ ಮೊದಲ ತಿದ್ದುಪಡಿ ಸರ್ಕಾರಿ ಕಾಲೇಜುಗಳನ್ನು ಕಟ್ಟಿಹಾಕುವಂತೆ ಖಾಸಗಿ ಕಾಲೇಜುಗಳನ್ನು ಕಟ್ಟಿಹಾಕುವುದಿಲ್ಲ. ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ಸಾರ್ವಜನಿಕ ಕರ್ತವ್ಯ ನಿರ್ವಹಿಸುವ ಖಾಸಗಿ ಡೀಮ್ಡ್ ವಿಶ್ವವಿದ್ಯಾಲಯದ ವಿರುದ್ಧವೂ 226ನೇ ವಿಧಿಯಡಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬಹುದೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. 19 ಮತ್ತು 21ನೇ ವಿಧಿಯ ಹಕ್ಕುಗಳನ್ನು ಪ್ರಭುತ್ವವಲ್ಲದವರ ವಿರುದ್ಧವೂ ಕೇಳಬಹುದೆಂದು 2023ರ ಜನವರಿಯಲ್ಲಿ ಸಂವಿಧಾನ ಪೀಠದ ಬಹುಮತ ಹೇಳಿತು. ಇವು ನ್ಯಾಯಾಲಯದ ದಾರಿ, ವಕೀಲರ ಜೊತೆ ನಡೆಯಬೇಕಾದದ್ದು. ಮೂರು ದಿನದಲ್ಲಿ ಉತ್ತರ ಬರೆಯಬೇಕಾದವಳಿಗೆ ಹತ್ತಿರದ ಆಸರೆ ಕಾಲೇಜಿನ ನಿಯಮ ಪುಸ್ತಕವೇ. ಇನ್ನೊಂದು ಮಾತನ್ನೂ ಮುಚ್ಚಿಡಲಿಲ್ಲ: 19(2)ನೇ ವಿಧಿ ಹೇಳುವ ನಿರ್ಬಂಧಗಳಲ್ಲಿ ಮಾನಹಾನಿಯೂ ಇದೆ. ಕಾಲೇಜು ಖಾಸಗಿಯಾಗಲಿ ಸರ್ಕಾರಿಯಾಗಲಿ, ಆ ಕೊನೆಯ ಸಾಲಿಗೆ ರಕ್ಷಣೆ ಸಿಗುವುದು ಕಷ್ಟ.

ನಾನು ಕೊಟ್ಟ ಸಲಹೆ ಇದು. ಸಿದ್ಧ ಪತ್ರಕ್ಕೆ ಸಹಿ ಹಾಕಬೇಡ. ನೋಟಿಸಿಗೆ ಉತ್ತರ ಕೊಡದೆಯೂ ಇರಬೇಡ. ಮೌನವನ್ನು ತಪ್ಪೊಪ್ಪಿಗೆ ಎಂದು ತಿಳಿಯುವ ಸಾಧ್ಯತೆಯಿದೆ. ಯಾವ ವಾಕ್ಯ ಯಾವ ನಿಯಮವನ್ನು ಮುರಿದಿದೆ ಎಂದು ಬರವಣಿಗೆಯಲ್ಲಿ ಕೇಳು, ನಿಯಮ ಪುಸ್ತಕದ ಪ್ರತಿ ಮತ್ತು ಒಂದು ವಾರದ ಕಾಲಾವಕಾಶ ಬೇಡು. ಉತ್ತರದಲ್ಲಿ ಕಂಡದ್ದನ್ನು ಕಂಡಂತೆ ಬರೆದು ರಸೀದಿ ಲಗತ್ತಿಸು. ಕೊನೆಯ ಸಾಲಿಗೆ ಮಾತ್ರ, ‘ಆದರೆ’ ಸೇರಿಸದೆ, ಮುಖ್ಯಸ್ಥರ ಹೆಸರು ಹೇಳಿಯೇ ಕ್ಷಮೆ ಕೇಳು, ಜಾಲತಾಣದಿಂದಲೂ ಅದನ್ನು ತೆಗೆ. ಕಾಲೇಜಿನ ಶಿಸ್ತು ಸಮಿತಿಯ ಮುಂದೆ ಹೋಗುವಾಗ ತಂದೆ ಜೊತೆಗಿರಲು ಅನುಮತಿ ಕೇಳು.

ತಂದೆಗೆ ಈ ಉತ್ತರದ ಕರಡನ್ನು ಆಕೆಯೇ ಓದಿ ಹೇಳಿದಳು. “ಇಷ್ಟನ್ನೇ ಮೊದಲೇ ಹೇಳಿದ್ದರೆ ನಾನು ಬೈಯುತ್ತಿದ್ದೆನೇನಮ್ಮಾ?” ಎಂದರು. ಬೈಯುತ್ತಿದ್ದರು ಎಂದೇ ನನ್ನ ಅನಿಸಿಕೆ. ಆದರೆ ಆ ಹೊತ್ತಿಗೆ ಅವರು ಮಗಳ ಪಕ್ಕದ ಕುರ್ಚಿಗೆ ಬಂದಿದ್ದರು.

ನಡುವೆ ಕಾಲೇಜಿನಿಂದ ಕರೆ ಬಂತು, ವಿದ್ಯಾರ್ಥಿನಿಯ ಮಾನಸಿಕ ಸ್ಥಿತಿಯ ವರದಿ ಬೇಕೆಂದು. ಆಕೆಯ ಒಪ್ಪಿಗೆಯಿಲ್ಲದೆ, ಆಕೆ ಇಲ್ಲಿಗೆ ಬರುತ್ತಾಳೋ ಇಲ್ಲವೋ ಎಂಬುದನ್ನೂ ಹೇಳಲಾಗದೆಂದೆ. ಶಿಸ್ತು ಕ್ರಮಕ್ಕೆ ಆಪ್ತಸಲಹೆಯನ್ನು ಸಾಕ್ಷಿಯಾಗಿ ಬಳಸಿದರೆ ಇನ್ನು ಯಾವ ವಿದ್ಯಾರ್ಥಿಯೂ ಬಾಯಿ ಬಿಡುವುದಿಲ್ಲ. ಕಾಲೇಜುಗಳ ಒಳಗೇ ಕೆಲಸ ಮಾಡುವ ಆಪ್ತಸಲಹೆಗಾರರಿಗೆ ಇದು ದಿನದಿನದ ಇಕ್ಕಟ್ಟು; ನೇಮಕದ ದಿನವೇ ಗೋಪ್ಯತೆಯ ಷರತ್ತನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ ಎಂದು ಅವರಿಗೆ ಹೇಳುತ್ತೇನೆ.

ಶಿಸ್ತು ಸಮಿತಿ ಲಿಖಿತ ಎಚ್ಚರಿಕೆ ಕೊಟ್ಟು ಪ್ರಕರಣ ಮುಗಿಸಿತು. ಪ್ರಯೋಗಾಲಯದ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ 2023ರ ನಿಯಮಾವಳಿಯಂತೆ ಪ್ರತಿ ಉನ್ನತ ಶಿಕ್ಷಣ ಸಂಸ್ಥೆಯಲ್ಲೂ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು. ಅದರ ತೀರ್ಮಾನ ಒಪ್ಪಿಗೆಯಾಗದಿದ್ದರೆ ಹದಿನೈದು ದಿನದೊಳಗೆ ಒಂಬುಡ್ಸ್‌ಪರ್ಸನ್‌ಗೆ (ವಿದ್ಯಾರ್ಥಿಗಳ ದೂರು ಆಲಿಸಲು ನೇಮಕವಾದವರು) ಮೇಲ್ಮನವಿ ಸಲ್ಲಿಸಬಹುದು. ಉಪಕರಣಗಳ ವಿಷಯವನ್ನು ಅಲ್ಲಿಗೆ ಒಯ್ಯಲು ಸಾಧ್ಯ ಎಂದು ತಿಳಿಸಿದೆ. ಆಕೆ ಐವರು ಸಹಪಾಠಿಗಳ ಸಹಿಯೊಂದಿಗೆ ಕುಂದುಕೊರತೆ ಸಮಿತಿಗೆ ದೂರು ಕೊಟ್ಟಿದ್ದಾಳೆ, ಈ ಸಲ ಯಾರ ಹೆಸರನ್ನೂ ಎಳೆಯದೆ. ಗೆಳೆಯರಲ್ಲಿ ಇಬ್ಬರು ಇನ್ನೂ ಮಾತನಾಡಿಸುತ್ತಿಲ್ಲ. ಮುಂದಿನ ಭೇಟಿಗಳಲ್ಲಿ ನಾವು ಕೆಲಸ ಮಾಡಬೇಕಿರುವುದು ಆ ನೋವಿನ ಮೇಲೆ.