ಗೇರ್ ಇಳಿಯಲು ತಡವಾದರೆ ಎಲೆಕ್ಟ್ರಾನಿಕ್ ಹಾಕಿಸಬೇಕೇ?

ಪ್ರಶ್ನೆ: ನನ್ನ ರೋಡ್ ಬೈಕ್ ಸೈಕಲಿನಲ್ಲಿರುವುದು ಕೇಬಲಿನ 11 ಸ್ಪೀಡ್ (ಹಿಂದೆ 11 ಹಲ್ಲುಚಕ್ರಗಳ) ಗೇರ್. ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಚೈನು ಸಲೀಸಾಗಿ ಏರುತ್ತದೆ. ಚಿಕ್ಕದಕ್ಕೆ ಇಳಿಯಲು ಮಾತ್ರ ತಡಮಾಡುತ್ತದೆ. ಅಡ್ಜಸ್ಟರ್ ತಿರುಗಿಸಿ ಸಾಕಾಗಿದೆ. ಎಲೆಕ್ಟ್ರಾನಿಕ್ ಗೇರ್ ಹಾಕಿಸಿದರೆ ತೊಂದರೆ ತಪ್ಪೀತೇ?

ಉತ್ತರ: ಬಹುಶಃ ತಪ್ಪೀತು, ಆದರೆ ಒಂದು ಕೇಬಲ್ ಬದಲಿಸಿದರೂ ತಪ್ಪುವ ತೊಂದರೆ ಇದು. ದೊಡ್ಡ ಚಕ್ರಕ್ಕೆ ಏರಿಸುವಾಗ ಕೇಬಲನ್ನು ಎಳೆಯುವುದು ನಿಮ್ಮ ಬೆರಳು. ಕೇಬಲಿನ ಹೊರಕವಚವಾದ ಔಟರ್‌ನೊಳಗೆ ಕೊಳೆಯೋ ತುಕ್ಕೋ ಸೇರಿ ಕೇಬಲ್ ಬಿಗಿಯಾಗಿ ಓಡುತ್ತಿದ್ದರೂ ಬೆರಳಿನ ಬಲಕ್ಕೆ ಅದು ಲೆಕ್ಕಕ್ಕಿಲ್ಲ. ಇಳಿಸುವಾಗ ಆ ಕೇಬಲನ್ನು ಹಿಂದಕ್ಕೆಳೆದುಕೊಳ್ಳಬೇಕಾದದ್ದು ಚೈನನ್ನು ಚಕ್ರದಿಂದ ಚಕ್ರಕ್ಕೆ ಸರಿಸುವ ಡಿರೈಲರ್‌ನ ಸ್ಪ್ರಿಂಗ್ ಒಂದೇ ಆದ್ದರಿಂದ, ಒಳಗಿನ ಘರ್ಷಣೆ ಮೊದಲು ಗೊತ್ತಾಗುವುದು ಅಲ್ಲಿಯೇ. ಅಡ್ಜಸ್ಟರ್ ಕೇಬಲಿನ ಬಿಗಿತವನ್ನು ಹೆಚ್ಚು ಕಡಿಮೆ ಮಾಡುತ್ತದೆಯೇ ಹೊರತು ಘರ್ಷಣೆಯನ್ನು ಕಳೆಯುವುದಿಲ್ಲ. ಹಿಂಚಕ್ರದ ಬಳಿ ಬಾಗಿ ಬರುವ ಔಟರ್‌ನ ಗಿಡ್ಡ ತುಂಡನ್ನೂ ಹ್ಯಾಂಡಲ್ ಟೇಪಿನಡಿಯ ತಿರುವನ್ನೂ ಮೊದಲು ನೋಡಿಸಿ. ಹ್ಯಾಂಡಲ್ ಮೇಲೆ ಗೇರ್ ಬದಲಿಸುವ ಶಿಫ್ಟರ್‌ನೊಳಗೆ ಕೇಬಲಿನ ಗುಂಡುತಲೆ ಕೂರುವಲ್ಲಿ ಎಳೆಗಳು ಒಂದೊಂದಾಗಿ ಹರಿಯತೊಡಗಿದ್ದರೆ, ಕೇಬಲ್ ತುಂಡಾಗಿ ಚೈನು ಅತಿ ಚಿಕ್ಕ ಚಕ್ರದಲ್ಲೇ ಉಳಿಯುವ ದಿನ ದೂರವಿಲ್ಲ.

ಎಲೆಕ್ಟ್ರಾನಿಕ್ ವ್ಯವಸ್ಥೆಯಲ್ಲಿ ಎಳೆಯಲು ಕೇಬಲೇ ಇಲ್ಲ: ಗುಂಡಿ ಒತ್ತಿದರೆ ಡಿರೈಲರ್‌ನಲ್ಲಿರುವ ಮೋಟರು ಅದನ್ನು ಗೊತ್ತುಮಾಡಿದ ಜಾಗಕ್ಕೆ ಪ್ರತಿಸಲವೂ ಅಷ್ಟೇ ನಿಖರವಾಗಿ ಸರಿಸುತ್ತದೆ. ನನ್ನ ಮಟ್ಟಿಗೆ ಇದರ ನಿಜವಾದ ಲಾಭ ಕಾಣುವುದು ಹಿಂದಿನ ಗೇರಿನಲ್ಲಲ್ಲ, ಮುಂದಿನದರಲ್ಲಿ. ಏರುದಾರಿಯಲ್ಲಿ ಪೆಡಲಿನ ಮೇಲೆ ಭಾರವಿರುವಾಗಲೂ ಚೈನು ಪೆಡಲಿನ ಬಳಿಯ ದೊಡ್ಡ ರಿಂಗಿಗೆ (ಮುಂದಿನ ಹಲ್ಲುಚಕ್ರಕ್ಕೆ) ತಡವರಿಸದೆ ಏರುತ್ತದೆ, ಮತ್ತು ಚೈನು ಓರೆಯಾದಂತೆ ಮುಂದಿನ ಡಿರೈಲರ್ ತಾನೇ ಚೂರು ಸರಿದುಕೊಂಡು ಉಜ್ಜುವ ಸದ್ದನ್ನು ತಪ್ಪಿಸುತ್ತದೆ. ಬೆರಳುಗಳಲ್ಲಿ ಕಸುವು ಕಡಿಮೆ ಇರುವವರಿಗೆ, ಕೇಬಲುಗಳು ಹ್ಯಾಂಡಲ್‌ನೊಳಗಿಂದಲೇ ಬಿಗಿ ತಿರುವುಗಳಲ್ಲಿ ಹಾಯುವ ಫ್ರೇಮ್ ಉಳ್ಳವರಿಗೆ ಇದನ್ನು ನಾನು ಹಿಂಜರಿಯದೆ ಹೇಳುತ್ತೇನೆ.

ಆದರೆ ಇದು ಅರ್ಧಂಬರ್ಧ ಬದಲಿಸುವ ವಸ್ತುವಲ್ಲ. ಗೇರ್ ತಯಾರಿಸುವ ಶಿಮಾನೊ ಕಂಪನಿ 2021ರಲ್ಲಿ ತನ್ನ 12 ಸ್ಪೀಡಿನ ಡ್ಯುರಾ-ಏಸ್ ಮತ್ತು ಅಲ್ಟೆಗ್ರಾ ಗೇರ್ ಸೆಟ್ಟುಗಳನ್ನು ಎಲೆಕ್ಟ್ರಾನಿಕ್ ರೂಪದಲ್ಲಷ್ಟೇ ತಂದಿತು. ಅಂಥದಕ್ಕೆ ಹೋದರೆ ಶಿಫ್ಟರ್, ಡಿರೈಲರ್‌ಗಳ ಜೊತೆಗೆ ನಿಮ್ಮ 11 ಸ್ಪೀಡಿನ ಕ್ಯಾಸೆಟ್ಟನ್ನೂ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಚೈನನ್ನೂ ತೆಗೆದಿಡಬೇಕಾಗುತ್ತದೆ. ಚಾರ್ಜಿನ ಚಿಂತೆ ಜನ ಅಂಜುವಷ್ಟಿಲ್ಲ. ಶಿಮಾನೊದ ಎಲೆಕ್ಟ್ರಾನಿಕ್ ವ್ಯವಸ್ಥೆಯಾದ ಡಿಐ2ನಲ್ಲಿ ಚಾರ್ಜ್ ಕುಗ್ಗಿದಾಗ ಮೊದಲು ಮುಂದಿನ ಡಿರೈಲರ್ ನಿಲ್ಲುತ್ತದೆ, ಹಿಂದಿನದು ಇನ್ನಷ್ಟು ಹೊತ್ತು ನಡೆಯುತ್ತದೆ. ಸ್ರ್ಯಾಮ್ ಕಂಪನಿಯ ಅಂಥದೇ ವ್ಯವಸ್ಥೆಯಾದ ಎಎಕ್ಸ್‌ಎಸ್‌ನಲ್ಲಾದರೆ ಎರಡೂ ಡಿರೈಲರ್‌ಗಳಿಗೆ ಒಂದೇ ಬಗೆಯ ಬ್ಯಾಟರಿ; ಹಿಂದಿನದು ಖಾಲಿಯಾದರೆ ದಾರಿಯಲ್ಲೇ ಮುಂದಿನದನ್ನು ಕಳಚಿ ಹಿಂದೆ ಸಿಕ್ಕಿಸಬಹುದು.

ಒಂದು ಎಚ್ಚರಿಕೆ: ಹೊಸ ಕೇಬಲ್, ಹೊಸ ಔಟರ್ ಹಾಕಿದ ಮೇಲೂ ಗೇರ್ ತಡವರಿಸಿದರೆ, ಡಿರೈಲರ್ ನೇತುಬಿದ್ದಿರುವ ಹ್ಯಾಂಗರನ್ನು ಅಳೆಸಿ ನೋಡಿ. ಬೈಕು ಬಲಕ್ಕೆ ಒಮ್ಮೆ ಬಿದ್ದರೂ ಅದು ಬಾಗಿರಬಹುದು, ಮತ್ತು ಬಾಗಿದ ಹ್ಯಾಂಗರಿಗೆ ಮೋಟರು ಹಾಕಿದರೂ ಚೈನು ಹೀಗೆಯೇ ತಡವರಿಸುತ್ತದೆ.