ಬಾಕ್ಸ್ ಪ್ರಿಂಟ್ ಆದಮೇಲೆ ಡೈ ಮಾಡಿಸಿದರೆ ಸಾಲದೇ?

ಅಗರಬತ್ತಿ ಬಾಕ್ಸಿನ ಡಿಸೈನ್ ರೆಡಿ ಇದೆ, ಮೊದಲು ಪ್ರಿಂಟ್ ಹಾಕಿಸಿ ಆಮೇಲೆ ಡೈ (ಬೋರ್ಡನ್ನು ಬಾಕ್ಸಿನ ಆಕಾರಕ್ಕೆ ಕತ್ತರಿಸಿ ಮಡಿಕೆ ಗೆರೆ ಒತ್ತುವ ಅಚ್ಚು) ಮಾಡಿಸಬಹುದಾ ಅಂತ ಕೇಳಿದ್ದೀರಿ. ಬೇಡ. ಡೈ ಪ್ಲಾನ್ ಆಗದೆ ಪ್ರಿಂಟಿಂಗ್ ಪ್ಲೇಟ್ ತೆಗೆಯಬಾರದು ಅನ್ನುವವನು ನಾನು. ಡಿಸೈನರ್, ಪ್ರೆಸ್ಸು, ಡೈ ಮಾಡುವವರು ಮೂವರೂ ಒಂದೇ ಕೆಎಲ್‌ಡಿ (ಕೀ ಲೈನ್ ಡ್ರಾಯಿಂಗ್, ಅಂದರೆ ಬಾಕ್ಸನ್ನು ಬಿಚ್ಚಿಟ್ಟಂತೆ ಕತ್ತರಿಸುವ, ಮಡಿಸುವ ಗೆರೆಗಳ ನಕ್ಷೆ) ಫೈಲಿನಿಂದ ಕೆಲಸ ಮಾಡಬೇಕು. ಒಬ್ಬರ ಗೆರೆ ನೋಡಿ ಇನ್ನೊಬ್ಬರು ಮತ್ತೆ ಬರೆದುಕೊಂಡರೆ, ಮಡಿಕೆಗೆ ಅರ್ಧ ಮಿ.ಮೀ. ತಪ್ಪಿದರೂ ನಾಲ್ಕನೇ ಪ್ಯಾನೆಲ್ ಹೊತ್ತಿಗೆ 2 ಮಿ.ಮೀ. ಆಗಿರುತ್ತದೆ.

ಫೈಲಿನಲ್ಲಿ ಕಟ್ ಮತ್ತು ಕ್ರೀಸ್ (ಮಡಿಕೆ) ಗೆರೆಗಳು ಬೇರೆ ಬೇರೆ ಲೇಯರ್, ಬೇರೆ ಬೇರೆ ಸ್ಪಾಟ್ ಕಲರ್ (ಪ್ರಿಂಟಿನ ನಾಲ್ಕು ಬಣ್ಣಗಳಲ್ಲಿ ಬೆರೆಯದ ಪ್ರತ್ಯೇಕ ಬಣ್ಣ), ಎರಡಕ್ಕೂ ಓವರ್‌ಪ್ರಿಂಟ್ (ಅಡಿಯ ಬಣ್ಣ ಕಡಿಯದಂತೆ ಇಡುವ ಸೆಟ್ಟಿಂಗ್). ಓವರ್‌ಪ್ರಿಂಟ್ ಮರೆತರೆ ಗೆರೆಯ ಅಡಿ ಬಣ್ಣ ಕಡಿದು ಬಿಳಿ ಗೀಟು ಉಳಿಯುತ್ತದೆ. ಸ್ಪಾಟ್ ಬದಲು ನಾಲ್ಕು ಬಣ್ಣಕ್ಕೆ ಪರಿವರ್ತನೆಯಾದರೆ ಗೆರೆಯೇ ಬಾಕ್ಸಿನ ಮೇಲೆ ಅಚ್ಚಾಗುತ್ತದೆ. ನೋಡಲು ಪಿಡಿಎಫ್, ಡೈ ಹಲಗೆ ಕೊರೆಯುವ ಲೇಸರ್‌ಗೆ ಡಿಎಕ್ಸ್‌ಎಫ್ (ಅಳತೆಯಿರುವ ಗೆರೆಗಳ ಡ್ರಾಯಿಂಗ್ ಫೈಲ್) ಕಳಿಸಿ. ವಾಟ್ಸಾಪ್‌ನಲ್ಲಿ ಫೋಟೋ ಬೇಡವೇ ಬೇಡ, ಅದರಲ್ಲಿ ಅಳತೆ ಉಳಿಯುವುದಿಲ್ಲ. ಡಿಎಕ್ಸ್‌ಎಫ್ ತೆರೆಯುವಾಗ ಮಿ.ಮೀ. ಇದ್ದದ್ದನ್ನು ಇಂಚು ಅಂತ ಓದಿಕೊಳ್ಳುವುದುಂಟು, ಹಾಗಾಗಿ ಮೂಲೆಯಲ್ಲಿ 100 ಮಿ.ಮೀ.ನ ಒಂದು ಗೆರೆ ಹಾಕಿ ‘ಪ್ರಿಂಟ್ ಸೈಡ್’ ಎಂದೂ ಬರೆದಿಡಿ. ಇಲ್ಲದಿದ್ದರೆ ಡೈ ಕನ್ನಡಿಬಿಂಬವಾಗಿ ಬರಬಹುದು. ಎಡ ಬಲ ಒಂದೇ ತರಹ ಇಲ್ಲದ ಬಾಕ್ಸಾದರೆ ಆ ಡೈ ಗುಜರಿಗೆ.

ಬಣ್ಣ ತುಂಬುವ ಮೊದಲೇ ಅದೇ ಫೈಲಿನಿಂದ, ನೀವು ಬಳಸುವ ಬೋರ್ಡಿನಲ್ಲೇ ಪ್ಲಾಟರ್ (ಡೈ ಇಲ್ಲದೆ ಫೈಲಿನಿಂದಲೇ ಕತ್ತರಿಸುವ ಯಂತ್ರ) ಮೇಲೆ ಡಮ್ಮಿ, ಅಂದರೆ ಮಾದರಿ ಬಾಕ್ಸ್ ತೆಗೆಸಿ, ಒಳಗೆ ಮಾಲು ಇಟ್ಟು ನೋಡಿ. ಒಪ್ಪಿಗೆಯಾದ ಮೇಲೆ ಕೆಎಲ್‌ಡಿ ಲೇಯರ್ ಲಾಕ್ ಮಾಡಿ ಫೈಲ್ ಹೆಸರಿಗೆ ವರ್ಷನ್ ನಂಬರ್ ಹಾಕಿ. ಬೋರ್ಡಿನ ದಪ್ಪ ಬದಲಾದರೆ ಡಮ್ಮಿ ಹೊಸದಾಗಿ ಆಗಬೇಕು. 0.4 ಮಿ.ಮೀ. ಬೋರ್ಡಿಗೆ 0.71 ಮಿ.ಮೀ. ದಪ್ಪದ ಕ್ರೀಸಿಂಗ್ ರೂಲ್ (ಮಡಿಕೆ ಒತ್ತುವ ಉಕ್ಕಿನ ಪಟ್ಟಿ) ಹಾಕಿದರೆ ಮ್ಯಾಟ್ರಿಕ್ಸ್ ಕಾಲುವೆ (ಆ ಪಟ್ಟಿ ಬೋರ್ಡನ್ನು ಒತ್ತಿ ಇಳಿಸುವ ಕೆಳಗಿನ ತೋಡು) ಸುಮಾರು 1.3 ಮಿ.ಮೀ. ಅಗಲ ಇರಬೇಕು. ದಪ್ಪ ಬೋರ್ಡಿಗೂ ಅದನ್ನೇ ಬಳಸಿದರೆ ಮಡಿಕೆ ಒಡೆಯುತ್ತದೆ.

ಇನ್ನು ಡಿಸೈನ್: ಕಟ್ ಗೆರೆಯಿಂದ ಹೊರಗೆ 3 ಮಿ.ಮೀ. ಬ್ಲೀಡ್ (ಕತ್ತರಿಸಿ ಹೋಗುವ ಹೆಚ್ಚುವರಿ ಬಣ್ಣ), ಅಕ್ಷರಗಳು ಗೆರೆಯಿಂದ 3 ಮಿ.ಮೀ. ಒಳಗೆ. ಸರಿಯಾಗಿ ಕ್ರೀಸಿನ ಮೇಲೆಯೇ ಬಣ್ಣ ಬದಲಾಗುವ ಡಿಸೈನ್ ಬೇಡ. ಪಂಚಿಂಗ್ (ಡೈಯಿಂದ ಕತ್ತರಿಸುವುದು) ಸ್ವಲ್ಪ ಸರಿದರೂ ಪಕ್ಕದ ಪ್ಯಾನೆಲಿನಲ್ಲಿ ಪಟ್ಟಿ ಕಾಣುತ್ತದೆ. ಗೋಂದು ಹಚ್ಚುವ ಪೇಸ್ಟಿಂಗ್ ಫ್ಲ್ಯಾಪಿಗೆ ಬಣ್ಣ 2–3 ಮಿ.ಮೀ. ಮಾತ್ರ ಹರಿಯಲಿ. ಉಳಿದ ಜಾಗದಲ್ಲಿ ವಾರ್ನಿಷ್ ಬಿದ್ದರೆ ಗೋಂದು ಹಿಡಿಯುವುದಿಲ್ಲ.

ಹಣ ಹೋಗುವುದು ಮುಖ್ಯವಾಗಿ ಶೀಟ್ ಲೇಔಟಿನಲ್ಲಿ. 20×30 ಇಂಚಿನ ಶೀಟಿನಲ್ಲಿ ಎಷ್ಟು ಅಪ್ಸ್ (ಒಂದು ಶೀಟಿನಲ್ಲಿ ಕೂರುವ ಬಾಕ್ಸುಗಳು) ಎಂಬುದನ್ನು ಕೆಎಲ್‌ಡಿ ಇಟ್ಟು ಲೆಕ್ಕ ಹಾಕಿ; ಗ್ರಿಪ್ಪರ್‌ಗೆ (ಯಂತ್ರ ಶೀಟನ್ನು ಹಿಡಿದೆಳೆಯುವ ಅಂಚಿಗೆ) 10–12 ಮಿ.ಮೀ. ಬಿಡಿ; ಅಪ್ಸ್ ನಡುವೆ ಎರಡೂ ಕಡೆಯ ಬ್ಲೀಡ್ ಸೇರಿ 6 ಮಿ.ಮೀ. ಶೀಟ್ ಉಳಿಸಲು ಒಂದು ಬಾಕ್ಸನ್ನು ಅಡ್ಡ ತಿರುಗಿಸಿದರೆ ಅದರ ಗ್ರೇನ್ (ಬೋರ್ಡಿನ ನಾರಿನ ದಿಕ್ಕು) ಬದಲಾಗುತ್ತದೆ, ಬಾಕ್ಸಿನ ಗೋಡೆ ಉಬ್ಬುತ್ತದೆ. ಪ್ಲೇಟೂ ಡೈಯೂ ಈ ಒಂದೇ ಲೇಔಟ್ ಫೈಲಿನಿಂದ ಹೊರಡಲಿ. ಪ್ರಿಂಟಿಂಗಿಗೆ ಯಾವ ಗ್ರಿಪ್ಪರ್ ಬದಿ, ಯಾವ ಸೈಡ್ ಲೇ (ಶೀಟನ್ನು ತಾಗಿಸಿ ನಿಲ್ಲಿಸುವ ಪಕ್ಕದ ಅಂಚು) ಹಿಡಿದರೋ ಪಂಚಿಂಗಿಗೂ ಅದೇ ಹಿಡಿಯುವಂತೆ ಶೀಟಿನ ಮೇಲೆ ಗುರುತು ಹಾಕಿಸಿ. ಡೈ ಲೇಔಟನ್ನು ಪಾರದರ್ಶಕ ಫಿಲ್ಮಿನ ಮೇಲೆ ತೆಗೆಸಿಟ್ಟು, ರನ್ ಶುರುವಾಗುವ ಮುನ್ನ ಮೊದಲ ಪ್ರಿಂಟ್ ಶೀಟಿನ ಮೇಲಿಟ್ಟು ತಾಳೆ ನೋಡಿ.

ಪ್ರೆಸ್ಸಿನವರು ‘ಇದೇ ಸೈಜಿನ ಹಳೆಯ ಡೈ ಇದೆ’ ಅಂದರೆ ಖರ್ಚು ಉಳಿಯುತ್ತದೆ ನಿಜ. ಆದರೆ ಡ್ರಾಯಿಂಗ್ ನಂಬಬೇಡಿ, ಬಿಳಿ ಬೋರ್ಡಿನ ಮೇಲೆ ಆ ಡೈಯಿಂದ ಒಂದು ಪಂಚ್ ತೆಗೆಸಿ ಅಳೆದು, ಅದರ ಪ್ರಕಾರ ಕೆಎಲ್‌ಡಿ ಬರೆಸಿ.